ಉಪ್ಪನ್ನು ತಡೆದ ಕಿತ್ತಳೆ ಕೋಶಗಳು

ಕಿತ್ತಳೆ, ನಿಂಬೆ ಜಾತಿಯ ಮರಗಳಿಗೆ ಉಪ್ಪು ಆಗಿಬರುವುದಿಲ್ಲ. ನೀರಿನಲ್ಲಿ ಲವಣಾಂಶ ಸ್ವಲ್ಪ ಏರಿದರೂ ಎಲೆಗಳ ತುದಿ ಸುಟ್ಟಂತಾಗಿ ಉದುರುತ್ತವೆ, ಇಳುವರಿ ಇಳಿಯುತ್ತದೆ. ಸಂಕರಣದಿಂದ ಹೊಸ ತಳಿ ಪಡೆಯಲು ಬಹಳ ವರ್ಷ ಬೇಕು. ಅದರ ಮೇಲೆ, ಈ ಜಾತಿಯ ಅನೇಕ ತಳಿಗಳ ಬೀಜದಲ್ಲಿ ಹುಟ್ಟುವ ಹೆಚ್ಚಿನ ಭ್ರೂಣಗಳು ತಾಯಿಮರದ ಪಡಿಯಚ್ಚುಗಳೇ ಆಗಿರುತ್ತವೆ. ಹೀಗಾಗಿಯೇ ಕೆಲವು ವಿಜ್ಞಾನಿಗಳು ಅಂಗಾಂಶ ಕೃಷಿಯತ್ತ, ಅಂದರೆ ಗಿಡದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನದತ್ತ, ತಿರುಗಿದರು.

ವಿಧಾನ ಸರಳ. ಕ್ಯಾಲಸ್, ಅಂದರೆ ಇನ್ನೂ ರೂಪ ತಳೆಯದ ಕೋಶಗಳ ಮುದ್ದೆಯನ್ನು, ಉಪ್ಪು ಬೆರೆಸಿದ ಪೋಷಕ ಮಾಧ್ಯಮದ ಮೇಲೆ ಇಡಬೇಕು. ಬಹುಪಾಲು ಕೋಶಗಳು ಕಂದುಬಣ್ಣಕ್ಕೆ ತಿರುಗಿ ಸಾಯುತ್ತವೆ. ಆದರೆ ಎಲ್ಲೋ ಒಂದು ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ತಿಳಿಹಳದಿ ಚುಕ್ಕೆಯೊಂದು ಬೆಳೆಯುತ್ತಿದ್ದರೆ, ಅದನ್ನು ಬಿಡಿಸಿ ಮತ್ತೆ ಉಪ್ಪಿನ ಮೇಲೆಯೇ ಬೆಳೆಸಬೇಕು.

ಹೀಗೆ ಉಳಿದುಕೊಂಡ ಕೋಶಗಳು ನಿಜವಾಗಿಯೂ ಬೇರೆಯೋ, ಅಥವಾ ತಾತ್ಕಾಲಿಕವಾಗಿ ಒಗ್ಗಿಕೊಂಡವೋ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಇಸ್ರೇಲಿನ ವಿಜ್ಞಾನಿಗಳಾದ ಬೆನ್-ಹಯ್ಯಿಮ್ ಮತ್ತು ಕೊಖ್ಬಾ 1983ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಅಚ್ಚುಮೆಚ್ಚಾಗಿರುವುದು ಈ ಪ್ರಶ್ನೆಯನ್ನು ಅವರು ಹಲವು ಕಡೆಯಿಂದ ಪರೀಕ್ಷಿಸಿದ್ದರಿಂದ. ಶಾಮೂಟಿ ಕಿತ್ತಳೆಯ ಬೀಜಾಂಡದಿಂದ ಬೆಳೆಸಿದ ಕ್ಯಾಲಸ್‌ನಲ್ಲಿ ಅವರು ಆಯ್ದ ಕೋಶಗಳು 0.2 ಮೋಲಾರ್ ಸೋಡಿಯಂ ಕ್ಲೋರೈಡ್‌ನಲ್ಲಿ, ಅಂದರೆ ಲೀಟರಿಗೆ ಸುಮಾರು 11.7 ಗ್ರಾಂ ಉಪ್ಪಿನಲ್ಲಿ, ಬೆಳೆಯುತ್ತಿದ್ದವು. ಉಪ್ಪಿಲ್ಲದ ಮಾಧ್ಯಮಕ್ಕೆ ಕನಿಷ್ಠ ನಾಲ್ಕು ಬಾರಿ ವರ್ಗಾಯಿಸಿದ ಮೇಲೂ ಆ ಸಹಿಷ್ಣುತೆ ಕುಂದಲಿಲ್ಲ. ಸಾಮಾನ್ಯ ಕೋಶಗಳಿಗೆ ಹೋಲಿಸಿದರೆ ಅವು ಸೋಡಿಯಂ ಮತ್ತು ಕ್ಲೋರೈಡ್ ಎರಡನ್ನೂ ಬಹಳ ಕಡಿಮೆ ಒಳಕ್ಕೆ ಬಿಟ್ಟುಕೊಳ್ಳುತ್ತಿದ್ದವು, ಮತ್ತು ಉಪ್ಪಿನಲ್ಲಿದ್ದಾಗ ಅವುಗಳ ರಸದಾನಿಗಳು, ಅಂದರೆ ಕೋಶದೊಳಗೆ ರಸ ತುಂಬಿದ ಚೀಲಗಳು, ತುಂಬ ದೊಡ್ಡದಾಗಿರುತ್ತಿದ್ದವು.

ಇನ್ನೂ ಕುತೂಹಲದ ಸಂಗತಿಯೆಂದರೆ, ಸೋಡಿಯಂ ಕ್ಲೋರೈಡ್‌ನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟಾಗ ಈ ಗಟ್ಟಿ ಕೋಶಗಳೇ ಹೆಚ್ಚು ಸೊರಗಿದವು, ಏಕೆಂದರೆ ಆಗ ಪೊಟ್ಯಾಸಿಯಂ ಜೊತೆಗೆ ಕ್ಲೋರೈಡ್ ಕೂಡ ಒಳಗೆ ಸೇರಿಕೊಂಡಿತು. ಸಲ್ಫೇಟ್ ಲವಣಗಳೊಂದಿಗೆ ನಡೆಸಿದ ಪ್ರಯೋಗಗಳೂ ವಿಷವಾಗುವುದು ಕ್ಲೋರೈಡ್ ಎಂಬುದನ್ನೇ ಸೂಚಿಸಿದವು. ಮಾಧ್ಯಮದಿಂದ ಕ್ಯಾಲ್ಸಿಯಂ ತೆಗೆದರೆ ಉಪ್ಪಿನಲ್ಲಿ ಅವುಗಳ ಬೆಳವಣಿಗೆ ತೀವ್ರವಾಗಿ ಕುಗ್ಗುತ್ತಿತ್ತು. ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ, ಈ ಸಹಿಷ್ಣುತೆ ಎಲ್ಲ ಬಗೆಯ ಒತ್ತಡವನ್ನೂ ತಾಳುವ ಶಕ್ತಿಯಲ್ಲ, ಸೋಡಿಯಂ, ಕ್ಲೋರೈಡ್‌ನಂಥ ಅಯಾನುಗಳನ್ನು (ವಿದ್ಯುದಾವೇಶವಿರುವ ಕಣಗಳನ್ನು) ಹೊರಗೇ ತಡೆಯುವ ನಿರ್ದಿಷ್ಟ ಸಾಮರ್ಥ್ಯ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಆದರೆ ಕೋಶ ಗೆದ್ದರೆ ಮರವೂ ಗೆದ್ದಂತಲ್ಲ. ಇಡೀ ಗಿಡದಲ್ಲಿ ಎಲೆಗೆ ಎಷ್ಟು ಕ್ಲೋರೈಡ್ ತಲುಪುತ್ತದೆ ಎಂಬುದು ಬಹುಮಟ್ಟಿಗೆ ಬೇರಿನ ಕೈಯಲ್ಲಿರುತ್ತದೆ. ಕ್ಲಿಯೋಪಾಟ್ರಾ ಮ್ಯಾಂಡರಿನ್ ಮತ್ತು ರಂಗಪುರ ನಿಂಬೆ ಬೇರುಸಸ್ಯಗಳಾಗಿ, ಅಂದರೆ ಕಸಿಯಲ್ಲಿ ಬೇರು ಒದಗಿಸುವ ಕೆಳಗಿನ ಗಿಡಗಳಾಗಿ, ಬೆಲೆ ಪಡೆದಿರುವುದಕ್ಕೆ ಅವು ಕ್ಲೋರೈಡ್ ಮೇಲೇರದಂತೆ ತಡೆಯುವುದೂ ಒಂದು ಕಾರಣ. ಕ್ಯಾಲಸ್‌ಗಾದರೋ ಬೇರೂ ಇಲ್ಲ, ಎಲೆಯೂ ಇಲ್ಲ. ಆದ್ದರಿಂದ ಆಯ್ದ ಕೋಶಗಳಿಂದ ಪಡೆದ ಗಿಡಗಳನ್ನು ಬೇರುಸಸ್ಯವಾಗಿ ಬಳಸಿ, ಮೇಲೆ ಸಾಮಾನ್ಯ ಕಿತ್ತಳೆ ಕಸಿ ಕಟ್ಟಿ, ಉಪ್ಪುನೀರು ಹಾಯಿಸಿ ಎಲೆಯ ಕ್ಲೋರೈಡ್ ಅಳೆದು ನೋಡಿದ ಮೇಲಷ್ಟೇ ಸಹಿಷ್ಣು ತಳಿ ಎಂಬ ಮಾತನ್ನು ನಾನು ಒಪ್ಪುತ್ತೇನೆ.