ಮೀನು ತಿನ್ನದವರಿಗೆ ಮೀನಿನ ಕತೆ ಎಂತಕ್ಕೆ?

"ನೀವು ಮೀನು ತಿಂತ್ರಾ?" ಅಂತ ಬಳಚು, ಅಂದರೆ ಹೊಳೆಯ ಚಿಪ್ಪುಮೀನು, ಮಾರೋ ಅಮ್ಮ ಕೇಳಿದ್ರು. ಇಲ್ಲ ಅಂದೆ. "ಹಂಗಾರೆ ಮೀನಿನ ಕತೆ ನಿಮಗೆಂತಕ್ಕೆ?"

ಅಷ್ಟೇ. ಬೈಲಿಲ್ಲ, ಮುಖ ಸಿಂಡರಿಸಲಿಲ್ಲ. ಮಾರೋಕೆ ಗುಡ್ಡೆ ಹಾಕಿದ್ದ ಬಳಚಿನ ಪಾಲಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಮುಂದಿನ ಗಿರಾಕಿ ಕಡೆ ತಿರುಗಿದರು. ಪಕ್ಕದಲ್ಲಿ ಬಂಗಡೆ ಬುಟ್ಟಿ ಇಟ್ಟುಕೊಂಡಿದ್ದವರು ಮಾತ್ರ ಬಿಡಲಿಲ್ಲ. "ಭಟ್ರ ಮನೆಯವ್ರಲ್ವನೇ, ಕತೆ ಮಾತ್ರ ತಿಂತ್ರು" ಅಂದರು. ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡೋದು? ಕುಮಟೆಯ ಮೀನು ಮಾರ್ಕೆಟ್ಟಲ್ಲಿ ಬೆಳಗ್ಗೆ ಬೆಳಗ್ಗೆ ಕಾಲರಿಗೆ ಸಿಕ್ಕಿಸೋ ಮೈಕ್ ಹಿಡಿದು ನಿಂತ ಶಿರಸಿ ಕಡೆಯ ಹೆಣ್ಣುಮಗಳನ್ನ ನೋಡಿದರೆ ಯಾರಿಗಾದರೂ ನಗು ಬರುತ್ತೆ.

ನಾನು ಮಾಡೋದು ದೊಡ್ಡ ಕೆಲಸವೇನಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಣ್ಣ ಸಣ್ಣ ಊರುಗಳಿಗೆ ಹೋಗಿ, ಜನ ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಬರ್ತೀನಿ. ದೇವಿಮನೆ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದ ಡ್ರೈವರ್, ಯಕ್ಷಗಾನದ ವೇಷದ ಸಾಮಾನು ಮಾಡೋರು, ಅಂಕೋಲೆಯಲ್ಲಿ ಬೇಸಿಗೆ ಬಂದರೆ ಕರಿ ಇಶಾಡು ಮಾವಿನಹಣ್ಣಿನ ಬುಟ್ಟಿ ಇಟ್ಟುಕೊಂಡು ರಸ್ತೆ ಬದಿ ಕೂರೋ ಅಜ್ಜಿಯರು. ಯಾರೂ ಹೇಳಿದ ಕೆಲಸ ಅಲ್ಲ, ಯಾರೂ ದುಡ್ಡು ಕೊಡೋದೂ ಇಲ್ಲ. ಹಾಗಾಗಿ "ಎಂತಕ್ಕೆ?" ಅನ್ನೋ ಪ್ರಶ್ನೆ ನನಗೆ ಹೊಸದಲ್ಲ. ಅದಕ್ಕೆ ಕೊಡೋಕೆ ನನ್ನ ಹತ್ತಿರ ಒಂದು ರೆಡಿ ಉತ್ತರ ಇದೆ, ಅದನ್ನ ಇಲ್ಲಿ ಬರೆದು ಬೇಜಾರು ಮಾಡಲ್ಲ. ಆದರೆ ಅವತ್ತು ಅದು ಬಾಯಿಗೆ ಬರಲೇ ಇಲ್ಲ. ಅವರು ಕೇಳಿದ್ದು ಕೆಲಸದ ಬಗ್ಗೆ ಅಲ್ಲ, ನನ್ನ ನಾಲಿಗೆ ಬಗ್ಗೆ. ರುಚಿಯೇ ಗೊತ್ತಿಲ್ಲದವಳು ಏನು ಕೇಳ್ತಾಳೆ, ಕೇಳಿ ಏನು ಅರ್ಥ ಮಾಡಿಕೊಳ್ತಾಳೆ ಅಂತ. ನ್ಯಾಯವಾಗೇ ಇದೆ, ಅಲ್ವಾ?

ಸಾಮಾನ್ಯವಾಗಿ ಜನ ಬೇರೆಯೇ ಮಾತು ಹೇಳ್ತಾರೆ. "ನಂದೆಂತ ಕತೆ, ಅವ್ರನ್ನ ಕೇಳಿ" ಅಂತ. ಅವರು ಅಂದರೆ ರಿಟೈರ್ ಆದ ಮಾಸ್ತರು, ಇಲ್ಲ ಸೊಸೈಟಿ ಅಧ್ಯಕ್ಷರು, ಇಲ್ಲ ಪೇಪರಲ್ಲಿ ಒಂದು ಸಲ ಫೋಟೋ ಬಂದವರು. ಅಂಕೋಲೆ ಕಡೆ ಹೋದರೆ ಇನ್ನೊಂದು ಕಷ್ಟ. ತುಳಸಿ ಗೌಡರು 2024ರ ಡಿಸೆಂಬರಲ್ಲಿ ತೀರಿಹೋದರು, ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ. ಇಬ್ಬರೂ ಹಾಲಕ್ಕಿ ಒಕ್ಕಲಿಗ ಸಮುದಾಯದವರು, ಇಬ್ಬರಿಗೂ ಪದ್ಮಶ್ರೀ. ಒಬ್ಬರಿಗೆ ಕಾಡಿನ ಗಿಡ ಗೊತ್ತು, ಇನ್ನೊಬ್ಬರಿಗೆ ಹಾಡು ಗೊತ್ತು. ಈಗ ಅವರ ಯಾವ ಕೊಪ್ಪಕ್ಕೆ, ಅಂದರೆ ಕೇರಿಗೆ, ಹೋಗಿ ಯಾವ ಅಜ್ಜಿ ಎದುರು ಕೂತರೂ ಮನೆಯವರು ಕೇಳೋದು ಒಂದೇ, "ಪ್ರಶಸ್ತಿಗಾ?" ಅಲ್ಲ ಅಂದ ಕೂಡಲೇ ಅಜ್ಜಿಗಿಂತ ಮೊದಲು ಮನೆಯವರಿಗೆ ಆಸಕ್ತಿ ಹೋಗಿಬಿಡುತ್ತೆ.

ಮಾರ್ಕೆಟ್ಟಲ್ಲೂ ಅಂಥ ಒಬ್ಬರು ಬಂದೇ ಬಂದರು. ಬಿಳಿ ಅಂಗಿ, ಜೇಬಲ್ಲಿ ಎರಡು ಪೆನ್ನು. ಒಳ್ಳೆಯವರೇ, ಸುಳ್ಳು ಹೇಳಬಾರದು. ನನಗೆ ಚಾ ಕೊಡಿಸಿದರು. ಆದರೆ ನಾನು ಆ ಅಮ್ಮನನ್ನ ಕೇಳಿದ್ದಕ್ಕೆಲ್ಲ ಇವರೇ ಉತ್ತರ ಕೊಡೋಕೆ ಶುರು ಮಾಡಿದರು. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದು, ಅದರ ವಿಸ್ತಾರ 4,801 ಹೆಕ್ಟೇರ್ ಇರೋದು, ತದಡಿಯಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರಬೇಕಿತ್ತು, ಜನ ಬೇಡ ಅಂದಿದ್ದು. ಎಲ್ಲ ಸರಿಯೇ. ಆದರೆ ಇದೆಲ್ಲ ನನಗೆ ಮನೆಯಲ್ಲಿ ಕೂತೂ ಸಿಗುತ್ತೆ. ಹೊಳೆಗೆ ಇಳಿಯೋರು ಒಬ್ಬರು, ಹೊಳೆ ಬಗ್ಗೆ ಮಾತಾಡೋರು ಇನ್ನೊಬ್ಬರು. ನಮ್ಮ ಜಿಲ್ಲೆಯಲ್ಲಿ ಎರಡನೆಯವರು ಸ್ವಲ್ಪ ಜಾಸ್ತಿಯೇ ಆಗಿದ್ದಾರೆ, ನಾನೂ ಸೇರಿ.

ಅವರು ಚಾ ಕುಡಿದು ಹೋದ ಮೇಲೆ ಆ ಅಮ್ಮ ಒಂದು ಷರತ್ತು ಹಾಕಿದರು. "ಒಂದು ಪಾಲು ತಗಳಿ, ಹೇಳ್ತೆ." ತಗೊಂಡೆ. ತಿನ್ನದಿದ್ದರೂ ಕುಮಟೆಯಲ್ಲಿ ನನ್ನ ಗೆಳತಿ ಮನೆ ಇದೆ, ಅವಳಿಗೆ ಬಳಚು ಅಂದರೆ ಜೀವ. ಮಾತಿಗೆ ಬೆಲೆ ಕಟ್ಟಿದ್ದು ನನಗೆ ಇಷ್ಟವೇ ಆಯ್ತು. ಬೆಳಗಿನ ವ್ಯಾಪಾರದ ಹೊತ್ತು ಸುಮ್ನೆ ಯಾರಾದರೂ ಯಾಕೆ ಕೊಡಬೇಕು?

ಆಮೇಲೆ ಅವರು ಹೇಳಿದ್ದು ನೀರಿನ ಲೆಕ್ಕ. ಅವರ ದಿನ ಗಡಿಯಾರಕ್ಕೆ ಶುರುವಾಗೋದೇ ಇಲ್ಲ. ಹೊಳೆ ನೀರು ಇಳಿಯೋಕೆ ಹತ್ತಿದಾಗ ಇಳಿಯಬೇಕು, ಭರತ, ಅಂದರೆ ಉಬ್ಬರ, ಬರೋದರೊಳಗೆ ಏಳಬೇಕು. ಇಳಿತ ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಮುಂದೆ ಹೋಗುತ್ತೆ, ಹಾಗಾಗಿ ಅಡುಗೆಯೂ ಮುಂದೆ, ನಿದ್ದೆಯೂ ಮುಂದೆ. ಅಮಾಸೆ, ಹುಣ್ಣಿಮೆ ಹತ್ತಿರ ನೀರು ದೂರ ಹಿಂದೆ ಸರಿದು ಒಳಗಿನ ದಿಬ್ಬವೂ ಸಿಗುತ್ತೆ. ಅಷ್ಟಮಿ ಹೊತ್ತಿಗೆ ನೀರು ಅರ್ಧಂಬರ್ಧ ಇಳಿಯುತ್ತೆ, ದುಡಿಮೆಯೂ ಅಷ್ಟೇ. ನಮ್ಮ ಮನೆಯಲ್ಲಿ ಅಜ್ಜಿಗೂ ತಿಥಿ ಬಾಯಿಪಾಠ. ಏಕಾದಶಿ ಅಂದರೆ ಅವರಿಗೆ ಉಪವಾಸ. ಇಲ್ಲಿ ಅದೇ ಪಂಚಾಂಗ ಕೆಲಸದ ಪಾಳಿ ಬರೆದುಕೊಡುತ್ತೆ.

ಕಾಲಲ್ಲಿ ಹುಡುಕಿ ಕೈಯಲ್ಲಿ ಎತ್ತೋದಂತೆ. ಕೆಸರಲ್ಲಿ ಪಾದ ಊರಿದರೆ ಬಳಚು ಎಲ್ಲಿದೆ ಅಂತ ಹಿಮ್ಮಡಿಗೆ ಗೊತ್ತಾಗುತ್ತೆ ಅಂದರು. ಕೈ ತೋರಿಸಿದರು. ಬೆರಳ ಸಂದಿಯಲ್ಲಿ ಗೀರು, ಅದರ ಮೇಲೆ ಇನ್ನೊಂದು ಗೀರು, ಹಳೆಯದು ಬಿಳಿ, ಹೊಸದು ಕೆಂಪು. ಉಗುರು ನೀರಲ್ಲೇ ಇದ್ದು ಮೆತ್ತಗಾಗಿ ಅಂಚು ಎದ್ದಿತ್ತು. ಬಂಡೆಗೆ ಅಂಟಿಕೊಂಡ ಕಲಗದ ಚಿಪ್ಪು ಕೈ ಕುಯ್ದರೆ ಗಾಯ ಬೇಗ ಒಣಗಲ್ಲ, ಉಪ್ಪುನೀರಿಗೆ ಇಳಿಯೋದು ತಪ್ಪಲ್ಲ. ಇದನ್ನ ಅವರು ದೂರಿನ ಹಾಗೆ ಹೇಳಲಿಲ್ಲ. ದೂರು ಇದ್ದಿದ್ದು ಬೇರೆ, ಬಳಚು ಮೊದಲಿನ ಹಾಗೆ ಸಿಗ್ತಾ ಇಲ್ಲ ಅಂತ.

ಈ ಅಘನಾಶಿನಿ ಹೊಳೆ ಹುಟ್ಟೋದು ನಮ್ಮ ಶಿರಸಿಯಲ್ಲಿ. ಶಂಕರಹೊಂಡದ ಹತ್ತಿರ ಒಂದು ಕವಲು, ಮಂಜುಗುಣಿ ಕಡೆ ಇನ್ನೊಂದು. ಉಂಚಳ್ಳಿಯಲ್ಲಿ ಧುಮುಕಿ ಘಟ್ಟ ಇಳಿಯುತ್ತೆ, ಮಧ್ಯೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ನಮ್ಮ ತೋಟದ ಮಳೆನೀರು ಕೊನೆಗೆ ಇವರ ಕಾಲಡಿಗೇ ಬರೋದು. ಆದರೆ ಘಟ್ಟದ ಮೇಲಿನವರ ಲೆಕ್ಕ ಎಷ್ಟು ಚೊಕ್ಕ ಬರೆದಿಟ್ಟಿದ್ದಾರೆ ನೋಡಿ. ನಮ್ಮಲ್ಲಿ ಎಷ್ಟೋ ಮನೆತನಕ್ಕೆ ಅಚ್ಚು ಹಾಕಿಸಿದ ವಂಶಾವಳಿ ಇದೆ. ಅಷ್ಟೇ ಯಾಕೆ, ಉಪ್ಪಿನಕಾಯಿ ಹಾಕೋ ಅಪ್ಪೆಮಿಡಿ ಮಾವಿನಲ್ಲಿ 'ಅನಂತ ಭಟ್ಟನ ಅಪ್ಪೆ' ಅಂತಲೇ ಒಂದು ಜಾತಿ ಇದೆ. ಆ ಅನಂತ ಭಟ್ಟ ಯಾವ ಕಾಲದವನೋ ಏನೋ, ಉಪ್ಪಿನಕಾಯಿ ಭರಣಿ ತೆಗೆದಾಗೆಲ್ಲ ಅವನ ಹೆಸರು ಹೇಳ್ತೀವಿ. ಹೊಳೆಯ ಈ ತುದಿಯಲ್ಲಿ ಹೀಗೆ ಯಾರ ಹೆಸರಿನ ಬಳಚು ಇದೆ? ಅವರಮ್ಮ ಯಾವ ದಿಬ್ಬದಲ್ಲಿ ಎತ್ತುತ್ತಿದ್ದರು ಅನ್ನೋದು ಈ ಅಮ್ಮನಿಗೆ ಗೊತ್ತು. ಮಗಳಿಗೆ ಗೊತ್ತಿಲ್ಲ, ಅವಳು ಬೆಂಗಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಇದು ಯಾರ ತಪ್ಪು ಅಂತಲೂ ನಾನು ಹೇಳ್ತಾ ಇಲ್ಲ. ಮಗಳು ಹೋಗಿದ್ದೇ ಒಳ್ಳೆಯದಾಯ್ತು ಅಂತ ತಾಯಿಯೇ ಹೇಳಿದರು, ಆ ಕೈ ನೋಡಿದ ಮೇಲೆ ನಾನೂ ಅದನ್ನೇ ಹೇಳ್ತೀನಿ. ಆದರೆ ಆ ದಿಬ್ಬದ ಲೆಕ್ಕ ಎಲ್ಲಿಯೂ ಬರೆದಿಲ್ಲ ಅನ್ನೋದಂತೂ ಖರೆ.

ಇಷ್ಟೆಲ್ಲ ಆದ ಮೇಲೂ ಅವರ ಮೊದಲಿನ ಪ್ರಶ್ನೆ ನನ್ನ ತಲೆಯಲ್ಲೇ ಇತ್ತು. ಹೊರಡೋವಾಗ ನಾನೇ ಮತ್ತೆ ಎತ್ತಿದೆ. "ಅಮ್ಮಾ, ಮೀನು ತಿನ್ನದವಳಿಗೆ ಕತೆ ಎಂತಕ್ಕೆ ಅಂದ್ರಲ್ಲ?"

ಅವರು ಚೀಲಕ್ಕೆ ನನ್ನ ಪಾಲು ತುಂಬ್ತಾ ಇದ್ದರು. "ನಿಮ್ಮ ಮನೇಲಿ ಕವಳ ಹಾಕ್ತ್ರಾ?"

ಅಜ್ಜ ಎಲೆಅಡಕೆ ಹಾಕ್ತಿದ್ದರು, ಅಪ್ಪ ಈಗಲೂ ಹಾಕ್ತಾರೆ ಅಂದೆ.

"ಸುಣ್ಣ ಎಲ್ಲಿಂದು?"

ಒಂದು ಗಳಿಗೆ ಗೊತ್ತಾಗಲಿಲ್ಲ. ಅವರು ಕಾಲ ಹತ್ತಿರ ಬಿದ್ದಿದ್ದ ಖಾಲಿ ಚಿಪ್ಪು ಎತ್ತಿ ತೋರಿಸಿದರು. ಈ ಚಿಪ್ಪು ಭಟ್ಟಿಯಲ್ಲಿ ಸುಟ್ಟರೆ ಸುಣ್ಣ. ಹಿಂದೆ ಘಟ್ಟದ ಮೇಲೂ ಇದೇ ಸುಣ್ಣ ಹೋಗ್ತಿತ್ತು ಅಂದರು. "ಅಡಕೆ ನಿಮ್ದು, ಎಲೆ ನಿಮ್ದು, ಸುಣ್ಣ ನಮ್ದು. ತಿನ್ನುದಿಲ್ಲ ಅಂದ್ರೆ ಹ್ಯಾಂಗೆ?" ಬಂಗಡೆಯವರು ಇದಕ್ಕೂ ನಕ್ಕರು. ಈ ಸಲ ನಗು ನನ್ನ ಮೇಲಲ್ಲ ಅಂತ ಅನ್ನಿಸ್ತು, ಖಾತ್ರಿಯಿಲ್ಲ.

ಮಡಿ ಮೈಲಿಗೆ ಅಂತ ಕಡ್ಡಿ ಮುರಿದ ಹಾಗೆ ಮಾತಾಡೋ ಅಜ್ಜ, ಸಂಧ್ಯಾವಂದನೆ ಮುಗಿಸಿ ಕವಳದ ಬಟ್ಟಲು ಎಳೆದುಕೊಂಡು ಎಲೆಗೆ ಸುಣ್ಣ ಸವರ್ತಿದ್ದರು. ಆ ಸುಣ್ಣಕ್ಕೂ ಈ ಕೈಯ ಗೀರಿಗೂ ಸಂಬಂಧ ಇರಬಹುದು ಅಂತ ನಮ್ಮ ಜಗುಲಿಯಲ್ಲಿ ಯಾರೂ ಯಾವತ್ತೂ ಮಾತಾಡಿದ್ದಿಲ್ಲ. ಜಗುಲಿಯಲ್ಲಿ ಮಾತಿಗೇನೂ ಬರ ಇರಲಿಲ್ಲ, ರಾಜಕೀಯದಿಂದ ಅಡಕೆ ರೇಟಿನ ತನಕ ಎಲ್ಲ ಆಗ್ತಿತ್ತು. ಇದೊಂದೇ ಬಿಟ್ಟುಹೋಗಿತ್ತು.

ರೆಕಾರ್ಡಿಂಗನ್ನ ಮನೆಯವರಿಗೂ ಕಳಿಸಿದ್ದೆ. ಅಪ್ಪ ಪೂರ್ತಿ ಕೇಳಿ ಫೋನ್ ಮಾಡಿದರು. ಬಾಯಲ್ಲಿ ಕವಳ ಇತ್ತು, ಮಾತು ಅರ್ಧ ನುಂಗಿದ ಹಾಗೆ ಕೇಳ್ತಿತ್ತು.

"ಎಲ್ಲಾ ಚೊಲೋ ಇದ್ದು. ಆ ಸುಣ್ಣದ ಸುದ್ದಿ ಒಂದು ತೆಗೆದ್ಬುಡೇ."

ತೆಗೆಯಲ್ಲ ಅಂತ ಹೇಳಿದೀನಿ. ಅಮ್ಮ ಹಿಂದಿನಿಂದ, "ಅದೇ ಚೊಲೋ ಇರದು, ಇರ್ಲಿ ಬಿಡು" ಅಂತ ಕೂಗಿದ್ದು ಕೇಳಿಸ್ತು. ಇಬ್ಬರೂ ಇನ್ನೂ ಜಗಳ ಆಡ್ತಾ ಇದ್ದಾರೆ.