ಆ ಪಟ್ಟಿಯಲ್ಲಿ ಆನೆ ಇರಲಿಲ್ಲ

ವೋಟು ಕೇಳಲು ಬಂದವರನ್ನು ನಮ್ಮ ಮನೆಯಲ್ಲಿ ಯಾವತ್ತೂ ಅಂಗಳದಿಂದಲೇ ವಾಪಸ್ ಕಳಿಸಿದ್ದಿಲ್ಲ. ಯಾವ ಪಕ್ಷದವರೇ ಬರಲಿ, ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ನಮ್ಮ ಕಷ್ಟವನ್ನೂ ಒಂದಿಷ್ಟು ಅವರ ಕಿವಿಗೆ ಹಾಕಿಯೇ ಕಳಿಸುವುದು. ಮೂಡಿಗೆರೆ ತಾಲ್ಲೂಕಿನ ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಆದರೆ 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಬರುವವರ ರೀತಿಯೇ ಬದಲಾಗಿತ್ತು. ವೋಟು ಕೇಳುವವರಿಗಿಂತ ಫೋನ್ ನಂಬರ್ ಕೇಳುವವರು ಜಾಸ್ತಿ. ಜೊತೆಗೆ ದುಡ್ಡು ಕೇಳುವ ಮೆಸೇಜುಗಳು. ಆ ಏಪ್ರಿಲ್‌ನ ಒಂದು ದಿನ ಇದೆಲ್ಲ ಒಟ್ಟಿಗೆ ಬಂದು ನನಗೆ ಸಾಕುಸಾಕಾಗಿ ಹೋಯಿತು.

ಅದು ಕಾಳುಮೆಣಸು ಒಣಗಿಸುವ ಸಮಯ. ಕಾಫಿ ಹೂವು ಅರಳಲು ಬೇಕಾದ ಹೂಮಳೆ ಸರಿಯಾಗಿ ಬಿದ್ದಿರಲಿಲ್ಲ. ಯಜಮಾನರು ಬೆಳಗಿನಿಂದ ಸ್ಪ್ರಿಂಕ್ಲರ್ ಪೈಪ್ ಹಿಂದೆ ಓಡಾಡುತ್ತಿದ್ದರು. ನಾನು ಕಣದಲ್ಲಿ ಮೆಣಸು ಹರವುತ್ತಿದ್ದೆ. ನಮ್ಮ ಮನೆ ತಗ್ಗಿನಲ್ಲಿದೆ, ಒಳಗೆ ಸಿಗ್ನಲ್ ಇಲ್ಲ. ಕಣದ ಮೂಲೆಯ ಹಲಸಿನ ಮರದ ಹತ್ತಿರ ಮಾತ್ರ ಸಿಗುತ್ತದೆ. ಹಾಗಾಗಿ ಫೋನ್ ಅಲ್ಲೇ ಒಂದು ಕಲ್ಲಿನ ಮೇಲೆ ಇರುತ್ತದೆ. ರಿಂಗ್ ಆದರೆ ಎಲ್ಲಿದ್ದರೂ ಓಡಿ ಬರಬೇಕು. ಸುಮ್ನೆ ಬಿಡುವ ಹಾಗಿಲ್ಲ. ಮಗಳು ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದಾಳೆ, ಅದೊಂದು. ಇನ್ನೊಂದು, ಆನೆ. ಯಾರ ತೋಟದಲ್ಲಿ ಆನೆ ಕಂಡರೂ ಅಕ್ಕಪಕ್ಕದವರಿಗೆ ಮೊದಲು ಫೋನ್ ಮಾಡುವುದು ನಾವೇ ಮಾಡಿಕೊಂಡ ಏರ್ಪಾಡು. ಆ ಕರೆ ಬಂದರೆ ಕೆಲಸದವರನ್ನೆಲ್ಲ ತಕ್ಷಣ ತೋಟದಿಂದ ಹೊರಗೆ ಕರೆಸಬೇಕು.

ಅವತ್ತು ಬೆಳಗ್ಗೆ ಫೋನ್ ಬಂತು. ಓಡಿದೆ. ಎತ್ತಿದರೆ ರೆಕಾರ್ಡ್ ಮಾಡಿದ ದನಿ. "ನಮಸ್ಕಾರ, ನಿಮ್ಮ ಕ್ಷೇತ್ರದಲ್ಲಿ ಇವತ್ತೇ ಚುನಾವಣೆ ನಡೆದರೆ ಯಾರಿಗೆ ಮತ ಹಾಕುತ್ತೀರಿ? ಇವರಿಗಾದರೆ ಒಂದು ಒತ್ತಿ, ಅವರಿಗಾದರೆ ಎರಡು ಒತ್ತಿ." ಇಟ್ಟೆ. ಕಸಬರಿಗೆ ಹಿಡಿಯುವಷ್ಟರಲ್ಲಿ ಮತ್ತೆ ರಿಂಗ್. ಈ ಸಲ ಬೇರೆ ನಂಬರ್, ಬೇರೆ ದನಿ. ಮೊದಲು ಒಂದು ಪಕ್ಷ ಏನೇನು ಮಾಡಿದೆ ಅಂತ ಉದ್ದಕ್ಕೆ ಹೇಳಿತು. ಆಮೇಲೆ "ಇದರಿಂದ ನಿಮಗೆ ಸಂತೋಷವಾಗಿದೆಯೇ?" ಅಂತ ಕೇಳಿತು. ಇದು ಅಭಿಪ್ರಾಯ ಕೇಳುವುದಲ್ಲ, ಕೇಳುವ ಹೆಸರಿನಲ್ಲಿ ಪ್ರಚಾರ ಮಾಡುವುದು. ಪ್ರಚಾರ ಮಾಡಲಿ, ಅದು ಅವರ ಹಕ್ಕು. ಪ್ರಚಾರ ಅಂತ ಹೇಳಿಯೇ ಮಾಡಲಿ. ಹಿಂದೆಯೇ ನಾನು 1909ಕ್ಕೆ ಫೋನ್ ಮಾಡಿ, ಬೇಡದ ಕರೆಗಳನ್ನು ತಡೆಯುವ ಡಿಎನ್‌ಡಿ ಹಾಕಿಸಿದ್ದೆ. ಸಾಲ ಕೊಡುತ್ತೇವೆ ಅನ್ನುವವರ ಕಾಟ ಕಡಿಮೆಯಾಯಿತು. ಇವರದ್ದು ಆಗಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಹುಡುಗ, ಒಂದು ಹುಡುಗಿ ಬೈಕಿನಲ್ಲಿ ಬಂದರು. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಟ್ಯಾಬ್. ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇವೆ, ಸರ್ವೆ ಕೆಲಸಕ್ಕೆ ಸೇರಿದ್ದೇವೆ ಅಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಮಜ್ಜಿಗೆ ಕೊಟ್ಟು ಕೂರಿಸಿದೆ. ಆ ಮಕ್ಕಳ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸಬೇಕು, ಇಲ್ಲದಿದ್ದರೆ ದುಡ್ಡು ಸಿಗುವುದಿಲ್ಲ ಅಂತ ಹುಡುಗಿಯೇ ಹೇಳಿದಳು.

ಹುಡುಗ ಮೊದಲು ಯಜಮಾನರನ್ನು ಹುಡುಕಿದ. ಅವರನ್ನು ಕರೆಸಿ, ಅವರ ಹತ್ತಿರ ಎಲ್ಲ ಕೇಳಿ ಮುಗಿಸಿದ. ಆಮೇಲೆ "ಸಾರ್, ಮನೆಯಲ್ಲಿ ಎಲ್ಲರದ್ದೂ ಒಂದೇ ಅಲ್ವಾ? ಎಲ್ಲರ ಹೆಸರಿಗೂ ಅದನ್ನೇ ಹಾಕಿಬಿಡ್ಲಾ?" ಅಂದ. ನಾನು ಅಲ್ಲೇ ನಿಂತಿದ್ದೆ. ಅತ್ತೆ ಜಗಲಿಯಲ್ಲೇ ಕೂತಿದ್ದರು.

"ನಂದು ನಾನೇ ಹೇಳ್ತೀನಿ, ಬರ್ಕೊಳಪ್ಪ" ಅಂದೆ.

ಕ್ಷೇತ್ರದ ದೊಡ್ಡ ಸಮಸ್ಯೆ ಯಾವುದು ಅನ್ನುವ ಪ್ರಶ್ನೆ ಬಂತು. ಹುಡುಗಿ ಟ್ಯಾಬ್ ನನ್ನ ಕಡೆ ತಿರುಗಿಸಿದಳು. ಬೆಲೆ ಏರಿಕೆ, ನಿರುದ್ಯೋಗ, ರಸ್ತೆ, ಕುಡಿಯುವ ನೀರು, ಭ್ರಷ್ಟಾಚಾರ. ಕೊನೆಗೆ "ಇತರೆ".

"ಕಾಡಾನೆ ಅಂತ ಬರಿ ಮಗ" ಅಂದೆ.

"ಅಕ್ಕ, ಆನೆ ಅಂತ ಆಪ್ಷನ್ ಇಲ್ಲ. ಇತರೆ ಅಂತ ಹಾಕ್ತೀನಿ."

"ಇತರೆ ಅಂದ್ರೆ ಏನು ಅಂತ ಬರೆಯೋಕೆ ಜಾಗ ಇಲ್ವಾ?"

ಅವಳು ಒತ್ತಿ ನೋಡಿದಳು. ಖಾಲಿ ಜಾಗ ಬರಲಿಲ್ಲ. ಸೀದಾ ಮುಂದಿನ ಪ್ರಶ್ನೆಗೆ ಹೋಯಿತು.

ನನಗೆ ನಿಜವಾಗಿ ಬೇಜಾರಾಗಿದ್ದು ಆವಾಗಲೇ. ಮೂಡಿಗೆರೆ, ಆಲೂರು, ಸಕಲೇಶಪುರ, ಬೇಲೂರು ಸೀಮೆಯಲ್ಲಿ ಮನುಷ್ಯರು ಆನೆ ತುಳಿತಕ್ಕೆ ಸಾಯುತ್ತಿದ್ದಾರೆ. ಬೆಳಗ್ಗೆ ತೋಟಕ್ಕೆ ಹೋದವರು ಸಂಜೆ ವಾಪಸ್ ಬರುತ್ತಾರೆ ಅನ್ನುವ ಧೈರ್ಯ ಇಲ್ಲ. ಮಕ್ಕಳನ್ನು ಬಸ್ಸಿಗೆ ಬಿಡಲು ಜೀಪಿನಲ್ಲಿ ಹೋಗಬೇಕು. ಒಂದು ರಾತ್ರಿ ಹಿಂಡು ಹೊಕ್ಕರೆ ಇಪ್ಪತ್ತು ಮೂವತ್ತು ವರ್ಷದ ಕಾಫಿ ಗಿಡ ನೆಲಕ್ಕೆ. ಅಡಿಕೆ, ಬಾಳೆ ಮಾತಂತೂ ಬೇಡ. ನಮ್ಮೂರಿನಲ್ಲಿ ಯಾರನ್ನೇ ಕೇಳಿದರೂ ಮೊದಲು ಹೇಳುವುದು ಇದನ್ನೇ. ಪ್ರಶ್ನೆ ಬರೆದವರು ನಮ್ಮ ಕಡೆ ಒಂದು ದಿನ ಬಂದು ಕೂತಿದ್ದರೂ ಸಾಕಿತ್ತು, ಆ ಪಟ್ಟಿಯಲ್ಲಿ ಆನೆ ಇರುತ್ತಿತ್ತು. ಎಲ್ಲೋ ದೂರದ ಆಫೀಸಿನಲ್ಲಿ ಕೂತು ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಮಾಡಿದ್ದಾರೆ. ನಾಳೆ "ಮಲೆನಾಡಿನ ಮತದಾರರಿಗೆ ಬೆಲೆ ಏರಿಕೆಯೇ ದೊಡ್ಡ ಚಿಂತೆ" ಅಂತ ಟೀವಿಯಲ್ಲಿ ಬರುತ್ತದೆ. ನಾವು ಹೇಳದ ಮಾತು ನಮ್ಮ ಹೆಸರಿನಲ್ಲಿ ಹೋಗುತ್ತದೆ.

ಅತ್ತೆಯ ಸರದಿ ಬಂದಾಗ ಹುಡುಗ ಅವರ ಕಡೆ ನೋಡದೆ ನನ್ನನ್ನೇ ಕೇಳಿದ, "ಅಜ್ಜಿ ವೋಟ್ ಹಾಕೋಕೆ ಹೋಗ್ತಾರಾ?" ಅತ್ತೆಗೆ ಎಂಬತ್ತಾಗಿದೆ, ಕಿವಿ ಚೆನ್ನಾಗಿಯೇ ಇದೆ. "ಇಂದಿರಮ್ಮ ನಿಂತಿದ್ದಾಗಲೂ ಹಾಕಿದೀನಪ್ಪ" ಅಂದರು. 1978ರ ನವೆಂಬರ್‌ನ ಉಪಚುನಾವಣೆ ಅದು. ನಮ್ಮ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಿನಲ್ಲಿ ಇಂದಿರಾ ಗಾಂಧಿ ನಿಂತಿದ್ದರು, ಎದುರಿಗೆ ವೀರೇಂದ್ರ ಪಾಟೀಲರು. ದೇಶವೇ ಚಿಕ್ಕಮಗಳೂರಿನ ಕಡೆ ನೋಡುತ್ತಿತ್ತು. ಆಗ ಎರಡೂ ಕಡೆಯವರು ತೋಟದ ಕೆಲಸದವರ ಲೈನ್ ಮನೆಗಳವರೆಗೆ ನಡೆದು ಬಂದು, ನಿಂತು ಮಾತಾಡಿ ಹೋಗಿದ್ದರು ಅಂತ ಅತ್ತೆ ಈಗಲೂ ಹೇಳುತ್ತಾರೆ. ಆ ಹುಡುಗ ಟ್ಯಾಬ್‌ನಲ್ಲಿ "60ಕ್ಕಿಂತ ಮೇಲೆ" ಅಂತ ಒತ್ತಿ ಮುಂದೆ ಹೋದ.

ಕೊನೆಯ ಪುಟದಲ್ಲಿ ಜಾತಿ, ಉಪಜಾತಿ, ಯಾವ ಯಾವ ಯೋಜನೆಯ ದುಡ್ಡು ಬರುತ್ತಿದೆ, ಕಳೆದ ಸಲ ಯಾರಿಗೆ ಹಾಕಿದಿರಿ. ಆಮೇಲೆ ಮೊಬೈಲ್ ನಂಬರ್. ನಂಬರಿಗೆ ಬರುವ ಓಟಿಪಿ ಹೇಳಬೇಕಂತೆ.

"ಅಭಿಪ್ರಾಯ ಹೇಳೋಕೆ ಓಟಿಪಿ ಯಾಕೆ ಮಗ? ಇದು ಯಾರ ಸರ್ವೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಏಜೆನ್ಸಿಯ ಹೆಸರು ಹೇಳಿದರು. ಅದಕ್ಕೆ ದುಡ್ಡು ಕೊಡುವ ಪಕ್ಷ ಯಾವುದು ಅಂತ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಓಟಿಪಿ ಹೇಳಲಿಲ್ಲ. ಹುಡುಗಿ ಮುಖ ಸಣ್ಣದಾಯಿತು. ಹೋಗುವಾಗ ಒಂದು ಕವರ್‌ನಲ್ಲಿ ನಾಲ್ಕು ಮಾವಿನಕಾಯಿ ಹಾಕಿ ಕೊಟ್ಟೆ.

ಸಂಜೆ ಕಣದ ಟಾರ್ಪಾಲು ಮುಚ್ಚುವಾಗ ಮೆಸೇಜ್ ಬಂತು. ದೇಣಿಗೆ ಕೊಡಿ, ಐವತ್ತು ರೂಪಾಯಿಯಾದರೂ ಸರಿ, ಈ ಲಿಂಕ್ ಒತ್ತಿ. ಅದರ ಮೊದಲ ಸಾಲು ಓದಿ ನಾನು ಅಲ್ಲೇ ಕೂತುಬಿಟ್ಟೆ. "ಪ್ರಿಯ ಕಮಲಕ್ಷಿ ಅವರೇ" ಅಂತ ಇತ್ತು. ನನ್ನ ಹೆಸರು ಕಮಲಾಕ್ಷಿ. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್ ಎಲ್ಲದರಲ್ಲೂ ಸರಿಯಾಗಿದೆ. ದೀರ್ಘ ಬಿಟ್ಟುಹೋಗಿರುವುದು ಮತದಾರರ ಪಟ್ಟಿಯಲ್ಲಿ ಮಾತ್ರ. ಆ ಪಟ್ಟಿಯನ್ನು ಪಕ್ಷಗಳಿಗೆ ಕೊಡುತ್ತಾರೆ, ಅದು ಕಾನೂನೇ. ಆದರೆ ಅದರಲ್ಲಿ ಫೋನ್ ನಂಬರ್ ಇರುವುದಿಲ್ಲ. ಹಾಗಾದರೆ ಪಟ್ಟಿಯಲ್ಲಿರುವ ಹೆಸರಿಗೆ ನನ್ನ ನಂಬರ್ ಅಂಟಿಸಿದವರು ಯಾರು? ಯಾವ ಸರ್ವೆಯಿಂದ, ಯಾರ ಟ್ಯಾಬ್‌ನಿಂದ? ಇದನ್ನು ಕೇಳೋಣ ಅಂದರೆ ಮೆಸೇಜ್ ಬಂದ ಕಡೆಗೆ ಉತ್ತರ ಕಳಿಸಲು ಆಗುವುದಿಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿ ಹೆಸರಿನಲ್ಲಿ ಮನೆಮನೆಗೆ ಹೋಗಿ ಜನರ ಮಾಹಿತಿ ಕದ್ದ ಆರೋಪ ಕೇಳಿಬಂದು, ಕೇಸಾಗಿ, ಅಧಿಕಾರಿಗಳು ಸಸ್ಪೆಂಡ್ ಆಗಿದ್ದು ನನಗೆ ನೆನಪಾಯಿತು. ಅದು ದೊಡ್ಡ ಊರಿನ ಸುದ್ದಿ ಅಂತ ಆಗ ಓದಿ ಬಿಟ್ಟಿದ್ದೆವು.

ಪಕ್ಷ ನಡೆಸಲು ದುಡ್ಡು ಬೇಕು. ಅದನ್ನು ಜನರ ಹತ್ತಿರ ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಕೇಳುವುದೇ ಸರಿ. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ಶಾಂತವೇರಿ ಗೋಪಾಲಗೌಡರು 1952ರ ಮೊದಲ ಚುನಾವಣೆಯಲ್ಲಿ ಗೆದ್ದು ಬಂದವರು. "ಒಂದು ಓಟು, ಒಂದು ನೋಟು" ಅಂತ ಅವರು ಜನರ ಹತ್ತಿರ ಕೇಳುತ್ತಿದ್ದರು ಅನ್ನುವುದನ್ನು ಮಲೆನಾಡಿನಲ್ಲಿ ಹಿರಿಯರು ಈಗಲೂ ಗೌರವದಿಂದ ಹೇಳುತ್ತಾರೆ. ಕೊಟ್ಟವನ ಮುಖ ಅವರಿಗೆ ಗೊತ್ತಿತ್ತು. ಕೊಟ್ಟವನಿಗೆ ಅವರನ್ನು ನಿಲ್ಲಿಸಿ ಕೇಳುವ ಹಕ್ಕಿತ್ತು.

ಈಗ ನಮಗೆ ಆ ಹಕ್ಕು ಎಲ್ಲಿದೆ? ಅದೇ ವಾರ ಒಂದು ಪಕ್ಷದ ಸ್ಥಳೀಯ ಮುಖಂಡರು ಬೆಳೆಗಾರರ ಮನೆಗಳಿಗೆ ಬಂದು "ಎಲೆಕ್ಷನ್ ಖರ್ಚಿಗೆ ಏನಾದ್ರೂ ಕೊಡಿ" ಅಂದರು. ನಮ್ಮವರು ರಸೀದಿ ಕೇಳಿದರು. "ರಸೀದಿ ಎಲ್ಲ ಯಾಕಣ್ಣ, ನಮ್ಮಲ್ಲೇ ಅಲ್ವಾ" ಅಂದರು. ಎರಡು ಸಾವಿರಕ್ಕಿಂತ ಹೆಚ್ಚಿನ ದೇಣಿಗೆಯನ್ನು ಪಕ್ಷಗಳು ನಗದಾಗಿ ತಗೊಂಡರೆ ತೆರಿಗೆ ವಿನಾಯಿತಿ ಹೋಗುತ್ತದೆ ಅಂತ 2017ರಲ್ಲೇ ನಿಯಮ ಬಂದಿದೆ. ಇಪ್ಪತ್ತು ಸಾವಿರ ದಾಟಿದರೆ ಕೊಟ್ಟವರ ಹೆಸರನ್ನು ಚುನಾವಣಾ ಆಯೋಗಕ್ಕೆ ತಿಳಿಸಬೇಕು. ಅದಕ್ಕಿಂತ ಕಡಿಮೆಯಾದರೆ ಹೆಸರು ತಿಳಿಸಬೇಕಾಗಿಯೇ ಇಲ್ಲ. ಲೋಕಸಭೆಗೆ ನಿಂತ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ 95 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ದೊಡ್ಡವರು ಕೊಟ್ಟಿದ್ದಂತೂ ಚುನಾವಣಾ ಬಾಂಡ್ ಹೆಸರಿನಲ್ಲಿ 2018ರಿಂದ ಮುಚ್ಚಿಟ್ಟ ಲೆಕ್ಕವಾಗಿತ್ತು. ಮತದಾರರಿಗೆ ತಿಳಿಯುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಅದನ್ನು ರದ್ದು ಮಾಡಿದ ಮೇಲೆ, ಮಾರ್ಚ್‌ನಲ್ಲಿ ಹೆಸರುಗಳು ಹೊರಗೆ ಬಂದವು. ಕೋರ್ಟು ಹೇಳದೆ ಒಂದು ಹೆಸರೂ ಬರುತ್ತಿರಲಿಲ್ಲ.

ನಮ್ಮೂರ ಗಣಪತಿ ಸಮಿತಿಯವರು ಹಬ್ಬ ಮುಗಿದ ಮೇಲೆ ಲೆಕ್ಕ ಬರೆದು ಹಾಲಿನ ಡೈರಿಯ ಗೋಡೆಗೆ ಅಂಟಿಸುತ್ತಾರೆ. ಯಾರು ಎಷ್ಟು ಕೊಟ್ಟರು, ಶಾಮಿಯಾನಕ್ಕೆಷ್ಟು, ಜನರೇಟರ್ ಡೀಸೆಲ್‌ಗೆ ಎಷ್ಟು, ಉಳಿದಿದ್ದು ಎಷ್ಟು. ನೂರು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿರುತ್ತದೆ. ಹುಡುಗರು ಮಾಡುವ ಈ ಕೆಲಸ ದೇಶ ಆಳುವ ಪಕ್ಷಗಳಿಗೆ ಯಾಕೆ ಆಗುವುದಿಲ್ಲ?

ಸಮೀಕ್ಷೆಗಳ ವಿಷಯಕ್ಕೆ ಬಂದರೆ, ಒಳ್ಳೆಯ ರೀತಿಯಲ್ಲಿ ಮಾಡುವವರೂ ಇದ್ದಾರೆ. ಮತದಾರರ ಪಟ್ಟಿಯಿಂದ ಲಾಟರಿ ಹಾಗೆ ಹೆಸರು ಆರಿಸಿ, ಅದೇ ವ್ಯಕ್ತಿಯನ್ನು ಹುಡುಕಿ, ನಕಲಿ ಮತಪತ್ರ ಕೊಟ್ಟು ಡಬ್ಬಿಗೆ ಹಾಕಿಸುತ್ತಾರೆ. ಕೇಳಿದವರಿಗೂ ಯಾರಿಗೆ ಹಾಕಿದರು ಅಂತ ಕಾಣುವುದಿಲ್ಲ. ಹಾಗೆ ಬಂದರೆ ನಾನೂ ಹೇಳುತ್ತೇನೆ, ಅತ್ತೆಯೂ ಹೇಳುತ್ತಾರೆ. ಗಂಡನನ್ನು ಕೇಳಿ ಮನೆಯವರೆಲ್ಲರ ಹೆಸರಿಗೆ ಅದನ್ನೇ ಒತ್ತಿಕೊಂಡು ಹೋದ ಲೆಕ್ಕದಿಂದ ಏನು ಗೊತ್ತಾಗುತ್ತದೆ? ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ ಘೋಷಣೆಯಾದ ಅಂತರ 201 ಮತ. ಅಂಥ ಕಡೆ ಯಾರು ಗೆಲ್ಲುತ್ತಾರೆ ಅಂತ ಯಾವ ಟ್ಯಾಬ್ ಹೇಳೀತು? 2024ರ ಜೂನ್ 1ರ ಸಂಜೆ ಎಕ್ಸಿಟ್ ಪೋಲ್ ಅಂತ ಟೀವಿಯವರು ಹೇಳಿದ ಸೀಟಿಗೂ ಜೂನ್ 4ರಂದು ಪೆಟ್ಟಿಗೆಯಿಂದ ಬಂದ ಸೀಟಿಗೂ ಎಷ್ಟು ವ್ಯತ್ಯಾಸ ಇತ್ತು ಅಂತ ಎಲ್ಲರೂ ನೋಡಿದ್ದೇವೆ.

ನಮ್ಮಲ್ಲಿ ಏಪ್ರಿಲ್ 26ಕ್ಕೆ ಮತದಾನ ಮುಗಿಯಿತು. ಅತ್ತೆಯನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ಹಾಕಿಸಿದೆವು. ಮೇ 2ರಂದು ಚುನಾವಣಾ ಆಯೋಗ ಎಲ್ಲ ಪಕ್ಷಗಳಿಗೂ ಒಂದು ಸೂಚನೆ ಕೊಟ್ಟಿತು. ಸರ್ವೆ ನೆಪದಲ್ಲಿ ಮತದಾರರ ವಿವರ ಪಡೆದು, ಗೆದ್ದ ಮೇಲೆ ಕೊಡುವ ಯೋಜನೆಗಳಿಗೆ ಹೆಸರು ಬರೆಸಿಕೊಳ್ಳುವುದನ್ನು ತಕ್ಷಣ ನಿಲ್ಲಿಸಿ ಅಂತ. ಪೇಪರಿನಲ್ಲಿ ಅದನ್ನು ಓದಿದಾಗ ಸಮಾಧಾನವೂ ಆಯಿತು, ಸಂಕಟವೂ ಆಯಿತು. ನಮ್ಮೂರಿನಲ್ಲಿ ಎಷ್ಟೋ ಮನೆಯವರು ಅಷ್ಟರಲ್ಲಿ ಓಟಿಪಿ ಹೇಳಿ ಆಗಿತ್ತು. ನಂಬರ್ ಕೊಡದಿದ್ದರೆ ಎಲ್ಲಿ ಯೋಜನೆಯ ದುಡ್ಡು ನಿಂತುಹೋಗುತ್ತೋ ಅಂತ ಹೆದರಿ ಕೊಟ್ಟವರೇ ಅವರಲ್ಲಿ ಜಾಸ್ತಿ.

ಮಳೆಗಾಲದ ಮೊದಲು ಅದೇ ಮುಖಂಡರು ಡೈರಿ ಹತ್ತಿರ ಸಿಕ್ಕಿದರು. "ಅಣ್ಣ, ಆವತ್ತು ಸರ್ವೆ ಮಾಡ್ಕೊಂಡು ಹೋದ್ರಲ್ಲ, ಅದ್ರಲ್ಲಿ ನಮ್ಮೂರಿನ ವಿಷಯ ಏನು ಬಂತು?" ಅಂತ ಕೇಳಿದೆ. "ಅದು ನಮಗೆ ಗೊತ್ತಾಗಲ್ಲ ಅಕ್ಕ. ಮೇಲಿನವರು ಏಜೆನ್ಸಿಗೆ ಕೊಟ್ಟಿರ್ತಾರೆ, ಸೀದಾ ಅವ್ರಿಗೇ ಹೋಗುತ್ತೆ" ಅಂದರು. ಅವರೂ ನಮ್ಮ ಸೀಮೆಯವರೇ, ಅವರ ತೋಟಕ್ಕೂ ಆನೆ ಬರುತ್ತದೆ. ಆದರೆ ಅವರ ಪಕ್ಷ ಅವರನ್ನೂ ಕೇಳುವುದಿಲ್ಲ.

ಹಾಗಾದರೆ ಯಾರಿಗೆ ಹೇಳುವುದು? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿದಿತ್ತು. ಆಮೇಲೆ ಅವಕ್ಕೆ ಚುನಾವಣೆಯನ್ನೇ ನಡೆಸಿರಲಿಲ್ಲ. ಬೇಲಿ ಮುರಿದರೆ, ಸೇತುವೆ ಕುಸಿದರೆ ಹೋಗಿ ಕೇಳಲು ಅಲ್ಲಿ ನಮ್ಮವರು ಅಂತ ಒಬ್ಬ ಸದಸ್ಯ ಇರಲಿಲ್ಲ. ಜನರ ಅಭಿಪ್ರಾಯ ಅಷ್ಟೊಂದು ಬೇಕಾಗಿದ್ದರೆ ಮೊದಲು ಆ ಚುನಾವಣೆ ಮಾಡಬೇಕಿತ್ತು.

ಡೈರಿಗೆ ಹಾಲು ಹಾಕುವ ಹೆಂಗಸರೆಲ್ಲ ಸೇರಿ ನಾವೇ ಒಂದು ಪಟ್ಟಿ ಬರೆದೆವು. ಮೊದಲನೆಯದು ಆನೆ: ರೈಲ್ವೆ ಕಂಬಿಯ ಬೇಲಿ ಎಲ್ಲಿಂದ ಎಲ್ಲಿಯವರೆಗೆ ಬೇಕು ಅಂತ ತೋಟಗಳ ಗುರುತು ಹಾಕಿ. ಆಮೇಲೆ ಶಾಲೆ ಮಕ್ಕಳಿಗೆ ಬೆಳಗಿನ ಬಸ್ಸು, ರಾತ್ರಿ ಹೊತ್ತು ಹೆರಿಗೆಗೆ ಆಂಬುಲೆನ್ಸ್, ಫೋನ್ ಟವರ್. ಅತ್ತೆ ಮೊದಲ ಸಹಿ ಹಾಕಿದರು. ನಕಲು ಡೈರಿಯಲ್ಲೇ ಇಟ್ಟಿದ್ದೇವೆ. ಯಾವ ಪಕ್ಷದವರು ಬಂದರೂ ಅದನ್ನು ಕೈಗೆ ಕೊಟ್ಟು, ತಗೊಂಡಿದ್ದೇವೆ ಅಂತ ಸಹಿ ಮಾಡಿಸಿಕೊಳ್ಳುತ್ತೇವೆ. ಫೋನ್ ನಂಬರ್ ಕೊಡುವುದಿಲ್ಲ. ದೇಣಿಗೆ ಬೇಕಾದವರು ರಸೀದಿ ಪುಸ್ತಕ ಹಿಡಿದುಕೊಂಡು ಬರಲಿ, ಹೋದ ಸಲದ ಲೆಕ್ಕವನ್ನೂ ತರಲಿ.