ಅಯ್ಯನವರ ಹೊಸ ಒಡನಾಟ

ನಮ್ಮ ಚರ್ಚಿನ ಸಭಾಪಾಲಕರಾದ ಅಯ್ಯನವರು ಯಾವನೋ ಸುಳ್ಳುಬೋಧಕನ ಬಲೆಗೆ ಬಿದ್ದಿದ್ದರೆ ನಮಗೆ ಬೇಗ ಗೊತ್ತಾಗುತ್ತಿತ್ತು. ಅವರ ಬೋಧನೆಯಲ್ಲಿ ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಹಿಂದೆ ಹೆಮ್ಮೆಯಿಂದ ಮಾಡುತ್ತಿದ್ದುದನ್ನು ಮಾಡಲು ಈಗ ಸಂಕೋಚಪಡುತ್ತಿದ್ದರು, ಅಷ್ಟೇ. ಅದು ನನ್ನ ಕಣ್ಣಿಗೆ ಬಿದ್ದದ್ದು ವಾರ್ಷಿಕ ಲೆಕ್ಕಪತ್ರಕ್ಕೆಂದು ಹಿರಿಯರೆಲ್ಲ ಸೇರಿದ್ದ ದಿನ.

ಕಾಣಿಕೆಯ ಲೆಕ್ಕವನ್ನು ಇಡೀ ಸಭೆಯ ಮುಂದೆ ಓದಬೇಕು ಎಂಬ ಪದ್ಧತಿಯನ್ನು ತಂದವರೇ ಅವರು. ತಮ್ಮ ಸಂಬಳವನ್ನೂ ಬಿಡದೆ, ಎದ್ದು ನಿಂತು ತಾವೇ ಓದುತ್ತಿದ್ದರು. ಆ ದಿನ ಲೆಕ್ಕದ ಪುಸ್ತಕ ಮುಂದಿಟ್ಟರೆ ತೆರೆಯಲೇ ಇಲ್ಲ. ರಟ್ಟಿನ ಮೇಲೆ ಅಂಗೈಯಿಟ್ಟು, "ಇದನ್ನೆಲ್ಲ ಈಗ ಯಾರೂ ಹೀಗೆ ಓದುವುದಿಲ್ಲ. ನೀವು ನೋಡಿ ಸಹಿ ಹಾಕಿದರೆ ಸಾಕು" ಎಂದರು.

"ಯಾರೂ ಎಂದರೆ ಯಾರು, ಅಯ್ಯನವರೇ?" ಎಂದು ಕೇಳಿದವರು ನಮ್ಮ ನಡುವಿನ ನಿವೃತ್ತ ಶಿಕ್ಷಕಿಯೊಬ್ಬರು.

ಅಯ್ಯನವರು ದೊಡ್ಡ ಸಭೆಗಳ ನಾಲ್ಕೈದು ಪಾಲಕರ ಹೆಸರು ಹೇಳಿದರು. ಸಮ್ಮೇಳನಗಳಲ್ಲಿ ಒಂದೇ ವೇದಿಕೆ ಹಂಚಿಕೊಳ್ಳುತ್ತ ಬೆಳೆದ ಸ್ನೇಹ ಅದು. ಆ ಪಾಲಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಒಬ್ಬರ ಪ್ರಸಂಗ ಕೇಳಿ ನನ್ನ ಕಣ್ಣೂ ತೇವವಾಗಿತ್ತು. ಆದರೆ ಆ ಕೂಟದಲ್ಲಿ ಲೆಕ್ಕ ಒಪ್ಪಿಸುವುದು ಸಣ್ಣ ಸಭೆಯವರ ಸಣ್ಣ ಬುದ್ಧಿ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಾರರು. ಹೇಳಬೇಕಾಗಿಯೂ ಇಲ್ಲ, ಮಾತಿನ ನಡುವೆ ಒಬ್ಬರು ನಕ್ಕರೆ ಸಾಕು.

ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯವನ್ನು ನಾನು ಅಲ್ಲಿಯವರೆಗೆ ತತ್ತ್ವದ ಜಗಳ ಎಂದೇ ಓದಿಕೊಂಡಿದ್ದೆ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಅಪೊಸ್ತಲ ಪೇತ್ರನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಕುಳಿತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದದ್ದೇ ತಡ, ಹಿಂದೆಗೆದ. ದೇವರು ಪಕ್ಷಪಾತಿಯಲ್ಲ ಎಂದು ಅನ್ಯಜನನಾದ ಕೊರ್ನೇಲ್ಯನ ಮನೆಯಲ್ಲಿ ತಾನೇ ಸಾರಿದ್ದ ಸತ್ಯ ಅವನಿಗೆ ಮರೆತಿರಲಿಲ್ಲ. ಭಯಪಟ್ಟ ಎಂದಷ್ಟೇ ಪೌಲ ಬರೆಯುತ್ತಾನೆ. ಪೌಲನ ಜೊತೆಗಾರನಾದ ಬಾರ್ನಬನಂಥ ಬಾರ್ನಬನೂ ಅದೇ ಕಪಟಕ್ಕೆ ಸೆಳೆಯಲ್ಪಟ್ಟ ಎಂಬ ಮಾತು ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಬಾರ್ನಬನನ್ನು ಕೆಡಿಸಿದ್ದು ಪೇತ್ರನ ಸಹವಾಸ. ದುಸ್ಸಹವಾಸ ಎಂದಾಗ ನಾವು ಕುಡುಕರನ್ನು, ಜೂಜುಕೋರರನ್ನು ನೆನೆಯುತ್ತೇವೆ, ಅಪೊಸ್ತಲನನ್ನು ನೆನೆಯುವುದಿಲ್ಲ.

ಅಮೆರಿಕದ ಸುವಾರ್ತಾ ಪ್ರಚಾರಕ ಬಿಲ್ಲಿ ಗ್ರಹಾಂ ಮತ್ತು ಸಂಗಡಿಗರು 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ಕುಳಿತು ತಮಗೆ ತಾವೇ ಬೇಲಿ ಹಾಕಿಕೊಂಡರು: ಹಣ, ಲೈಂಗಿಕ ಅನೈತಿಕತೆ, ಸ್ಥಳೀಯ ಸಭೆಗಳ ಟೀಕೆ, ಪ್ರಚಾರದಲ್ಲಿ ಉತ್ಪ್ರೇಕ್ಷೆ, ಈ ನಾಲ್ಕರ ವಿಷಯದಲ್ಲಿ. ಒಳ್ಳೆಯ ಬೇಲಿಯೇ. ಅಧಿಕಾರಸ್ಥರ ಗೆಳೆತನ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಯೆಹೂದ್ಯರನ್ನು ಹಳಿಯುತ್ತಿದ್ದಾಗ ಗ್ರಹಾಂ ತಡೆಯಲಿಲ್ಲ, ದನಿಗೂಡಿಸಿದರು. ಆ ಮಾತುಕತೆಯ ಧ್ವನಿಮುದ್ರಣ 2002ರಲ್ಲಿ ಹೊರಬಂದಾಗ, ಅಂಥ ಮಾತು ಆಡಿದ ನೆನಪಿಲ್ಲವೆಂದು ಹೇಳಿ ಕ್ಷಮೆ ಕೇಳಿದರು. ನೆನಪಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಆತ್ಮೀಯರ ಕೋಣೆಯಲ್ಲಿ ಹೂಂಗುಟ್ಟಿದ್ದನ್ನು ಯಾರು ನೆನಪಿಡುತ್ತಾರೆ?

ಆ ಸಂಜೆಯ ಮಾತಿಗೆ ಬರುತ್ತೇನೆ. ಶಿಕ್ಷಕಿ ಬಿಡಲಿಲ್ಲ. "ಆ ಗೆಳೆಯರಲ್ಲಿ ನಿಮಗೆ ಎಂದಾದರೂ 'ಇದು ಬೇಡ' ಎಂದವರು ಇದ್ದಾರೆಯೇ?" ಎಂದು ಕೇಳಿದರು.

"ಅವರು ನನ್ನನ್ನು ಪ್ರೋತ್ಸಾಹಿಸುತ್ತಾರೆ. ಇಲ್ಲಿಯವರಂತೆ ಅಡ್ಡಿ ಮಾಡುವುದಿಲ್ಲ" ಎಂದು ಅಯ್ಯನವರು ಸ್ವಲ್ಪ ಖಾರವಾಗಿಯೇ ಉತ್ತರಿಸಿದರು.

ಆಕೆ ದನಿ ಏರಿಸದೆ ಬೈಬಲ್ಲಿನ ಯೆಹೂದದ ರಾಜ ಯೆಹೋಷಾಫಾಟನ ಕಥೆ ತೆಗೆದರು. ಇಸ್ರಾಯೇಲಿನ ದುಷ್ಟ ರಾಜ ಅಹಾಬನ ಮನೆತನದೊಂದಿಗೆ ಬೀಗತನ, ಅವನ ಔತಣ, ಜೊತೆಯಾಗಿ ಯುದ್ಧಕ್ಕೆ ಬರುವೆನೆಂಬ ಮಾತು. ಸುಮಾರು 400 ಪ್ರವಾದಿಗಳು ಜಯ ಖಂಡಿತ ಎಂದರು. ಅನುಮಾನ ಬಂದು ಬೇರೊಬ್ಬನಿಲ್ಲವೇ ಎಂದು ವಿಚಾರಿಸಿದವನು ಯೆಹೋಷಾಫಾಟನೇ. ಪ್ರವಾದಿ ಮೀಕಾಯೆಹು ಬಂದು ಸೋಲು ಕಾದಿದೆ ಎಂದ. "ಅಷ್ಟನ್ನೂ ಕಿವಿಯಾರೆ ಕೇಳಿದ ಮೇಲೆ ಅವನು ಏನು ಮಾಡಿದ, ಅಯ್ಯನವರೇ? ಅಹಾಬನ ಜೊತೆ ಯುದ್ಧಕ್ಕೆ ಹೊರಟ. ಊಟ ಮಾಡಿ ಮಾತು ಕೊಟ್ಟಾಗಿತ್ತಲ್ಲ."

ಅಯ್ಯನವರು ಪುಸ್ತಕವನ್ನು ಖಜಾಂಚಿಯ ಕಡೆ ತಳ್ಳಿ, ಮತಕ್ಕೆ ಹಾಕಿ ಎಂದರು. ಸಭೆಯ ಮುಂದೆ ಓದುವ ಪದ್ಧತಿ ಅಲ್ಪ ಬಹುಮತದಿಂದ ಉಳಿಯಿತು. ಆ ಭಾನುವಾರ ಲೆಕ್ಕ ಓದಿದವರು ಖಜಾಂಚಿ. ಅಯ್ಯನವರು ಸಮ್ಮೇಳನವೊಂದಕ್ಕೆ ಹೋಗಿದ್ದರು.